ವಿಶೇಷಚೇತನ ಮಕ್ಕಳಿಗೆ ಡಿಜಿಟಲ್ ವಾದ್ಯಗಳು

ಬೆರಳು ಬಿಚ್ಚಲಾಗದ, ತೋಳು ಹತೋಟಿಗೆ ಸಿಗದ, ಕಣ್ಣು ಕಾಣದ, ಕಿವಿ ಕೇಳದ ಅಥವಾ ಹೇಳಿಕೊಟ್ಟಿದ್ದನ್ನು ತನ್ನದೇ ನಿಧಾನದಲ್ಲಿ ಗ್ರಹಿಸುವ ಮಗು ತನ್ನ ಕೈಲಾದ ಚಲನೆಯಿಂದಲೇ ನುಡಿಸುವಂತೆ ರೂಪಿಸಿದ ಎಲೆಕ್ಟ್ರಾನಿಕ್ ವಾದ್ಯಗಳು. ತಲೆ ವಾಲಿಸುವುದು, ಉಸಿರು ಊದುವುದು, ಮೊಣಕಾಲು ಎತ್ತುವುದು, ಒಂದೆಡೆ ದೃಷ್ಟಿ ನೆಡುವುದು, ಇಷ್ಟೇ ಸಾಧ್ಯವಿದ್ದರೂ ಅದನ್ನು ಸ್ವರವಾಗಿಸಬಹುದು ಎಂಬುದು ಈ ವಿನ್ಯಾಸದ ಮೂಲ ನಂಬಿಕೆ. ಸಂಗೀತಗಾರರು, ಎಲೆಕ್ಟ್ರಾನಿಕ್ಸ್ ಬಲ್ಲವರು, ಫಿಸಿಯೋಥೆರಪಿಸ್ಟರು, ವಿಶೇಷ ಶಿಕ್ಷಕರು ಕೂಡಿ ದುಡಿಯಬೇಕಾದ ಕ್ಷೇತ್ರವಿದು. ಅವರೆಲ್ಲರಿಗಿಂತ ಮೊದಲು ಮಗುವಿನ ಇಷ್ಟಾನಿಷ್ಟ ಕೇಳಬೇಕಾದ ಕ್ಷೇತ್ರ. ಜಗತ್ತಿನಲ್ಲಿ ಇದಕ್ಕೆ ಸುಮಾರು ನಾಲ್ಕು ದಶಕಗಳ ಚರಿತ್ರೆಯಿದೆ. ಕರ್ನಾಟಕದಲ್ಲಿ ಇದರ ಬೇರುಗಳನ್ನು ಗದುಗಿನ ಆಶ್ರಮದಲ್ಲೂ ಬೆಂಗಳೂರಿನ ವಾದ್ಯ ಕಾರ್ಖಾನೆಯಲ್ಲೂ ಗುರುತಿಸಬಹುದು. ಇದು ತಲುಪಬೇಕಾದ ಮನೆಗಳು ಕೊಡಗಿನ ಸೋಮವಾರಪೇಟೆಯಂಥ ಮಲೆನಾಡಿನ ತಾಲ್ಲೂಕುಗಳಲ್ಲಿವೆ.

ಮರದ ವಾದ್ಯ, ವಿದ್ಯುತ್ತಿನ ವಾದ್ಯ

ವೀಣೆಯಲ್ಲಿ ಮೀಟುವ ಬೆರಳಿಗೂ ಹೊಮ್ಮುವ ನಾದಕ್ಕೂ ನಡುವೆ ಇರುವುದು ಒಂದು ತಂತಿ. ತಂತಿ ಎಷ್ಟು ಬಿಗಿ, ಮೆಟ್ಟಿಲುಗಳ ನಡುವೆ ಎಷ್ಟು ಅಂತರ, ಕೊಡ ಎಷ್ಟು ದಪ್ಪ ಎಂಬುದನ್ನೆಲ್ಲ ಮರ ಮತ್ತು ಲೋಹದ ಗುಣವೇ ತೀರ್ಮಾನಿಸುತ್ತದೆ. ನುಡಿಸುವವರ ದೇಹ ಅದಕ್ಕೆ ಒಗ್ಗಬೇಕು. ಒಗ್ಗದ ದೇಹಕ್ಕೆ ವಾದ್ಯ ಒಲಿಯುವುದಿಲ್ಲ.

ಡಿಜಿಟಲ್ ವಾದ್ಯ ಈ ಗಂಟನ್ನು ಬಿಚ್ಚಿ ಮೂರು ಭಾಗ ಮಾಡಿತು. ದೇಹದ ಚಲನೆಯನ್ನು ಹಿಡಿಯುವ ಸೆನ್ಸರ್ ಒಂದು ಭಾಗ, ಧ್ವನಿ ಹುಟ್ಟಿಸುವುದು ಇನ್ನೊಂದು. ಯಾವ ಚಲನೆಗೆ ಯಾವ ಸ್ವರ, ಎಷ್ಟು ಜೋರು, ಎಷ್ಟು ಹೊತ್ತು ಎಂದು ಗೊತ್ತುಮಾಡುವ ತಂತ್ರಾಂಶ ಇವೆರಡರ ನಡುವೆ ಕೂತಿರುತ್ತದೆ. ನಡುವಿನ ಈ ಭಾಗವನ್ನು ಇಲ್ಲಿ ‘ಹೊಂದಿಕೆ’ ಎಂದು ಕರೆಯೋಣ. ವಿಶೇಷಚೇತನ ಮಕ್ಕಳ ವಾದ್ಯದಲ್ಲಿ ನಿಜವಾದ ಕಸುಬು ಇರುವುದು ಈ ಹೊಂದಿಕೆಯಲ್ಲಿ.

ಬೇರೆ ಬೇರೆ ಕಂಪನಿಗಳ ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸಲೆಂದು 1983ರಲ್ಲಿ ಮಿಡಿ ಎಂಬ ಸಾಮಾನ್ಯ ಭಾಷೆ ಬಂತು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇದರ ಹಿಂದಿದ್ದವರಲ್ಲಿ ಮುಖ್ಯರು. ಮಿಡಿಯಲ್ಲಿ ಪ್ರತಿ ಸ್ವರಸ್ಥಾನಕ್ಕೂ 0ಯಿಂದ 127ರವರೆಗೆ ಒಂದು ಸಂಖ್ಯೆ. ‘ಈ ಸಂಖ್ಯೆಯ ಸ್ವರವನ್ನು ಇಷ್ಟು ಬಲದಿಂದ ಶುರುಮಾಡು’ ಎಂದು ಹೇಳಲು ಮೂರು ಬೈಟು ಸಾಕು. ಆ ಸಂದೇಶ ಕಳಿಸಿದ್ದು ಬೆರಳೋ ಹುಬ್ಬೋ ಎಂದು ಮಿಡಿ ಕೇಳುವುದಿಲ್ಲ. ಮುಂದೆ ಹೇಳಲಿರುವ ಬಹುತೇಕ ವಾದ್ಯಗಳಿಗೆ ಬಾಗಿಲು ತೆರೆದದ್ದು ಈ ಗುಣವೇ.

ಗದುಗಿನಿಂದ ಬೆಂಗಳೂರಿಗೆ

ದೇಹದ ಕೊರತೆ ಸಂಗೀತಕ್ಕೆ ಅಡ್ಡಿಯಲ್ಲ ಎಂಬುದನ್ನು ಕನ್ನಡಿಗರು ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಬೆಳೆದು, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅಂಧ ಮತ್ತು ಅನಾಥ ಮಕ್ಕಳ ಸಂಗೀತ ಶಾಲೆಯಾಗಿ ಕಟ್ಟಿದರು. ಎಳವೆಯಲ್ಲೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಅದನ್ನು ಆರು ದಶಕಗಳಿಗೂ ಮಿಕ್ಕಿ ನಡೆಸಿದರು. ಊಟ, ವಸತಿ, ಪಾಠ ಎಲ್ಲ ಅಲ್ಲೇ. ಖರ್ಚು ತೂಗಿಸಲು ನಾಟಕ ಕಂಪನಿ. ಪುಟ್ಟರಾಜ ಗವಾಯಿಗಳು ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಹೀಗೆ ಹಲವು ವಾದ್ಯ ಬಲ್ಲವರಾಗಿದ್ದರು, ಬ್ರೈಲ್ ಲಿಪಿಯಲ್ಲಿ ಗ್ರಂಥ ರಚಿಸಿದವರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಈ ಆಶ್ರಮದ ಪರಂಪರೆಯಲ್ಲಿ ವಾದ್ಯ ವಿನ್ಯಾಸಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು, ಪುಟ್ಟರಾಜ ಗವಾಯಿಗಳ ಶಿಷ್ಯರಾದ ವೆಂಕಟೇಶ ಕುಮಾರ್ ಇಬ್ಬರೂ ಕಣ್ಣಿದ್ದವರು. ಕಣ್ಣಿದ್ದವರೂ ಇಲ್ಲದವರೂ ಒಂದೇ ಗುರುವಿನ ಮುಂದೆ ಒಂದೇ ಪಾಠಕ್ಕೆ ಕೂರುತ್ತಿದ್ದರು. ಅಂಧ ಮಕ್ಕಳ ಸಂಗೀತ ಎಂಬ ಬೇರೆ, ಕೆಳಗಿನ ದರ್ಜೆಯ ಸಂಗೀತ ಅಲ್ಲಿರಲಿಲ್ಲ. ಇಂದಿನ ವಿಶೇಷ ವಾದ್ಯಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗದು.

ಹಾರ್ಮೋನಿಯಂ ಅಂಧರ ಕೈಗೆ ಸುಲಭವಾಗಿ ಒಗ್ಗಿದ್ದಕ್ಕೆ ಕಾರಣ ಅದರ ಮನೆಗಳ ಏರುತಗ್ಗು. ಎರಡು ಕಪ್ಪು ಮನೆ, ಆಮೇಲೆ ಮೂರು ಕಪ್ಪು ಮನೆ ಎಂಬ ಗುಂಪನ್ನು ಬೆರಳೇ ಓದಿಕೊಳ್ಳುತ್ತದೆ. ಈಚಿನ ಕೆಲವು ಕೀಬೋರ್ಡುಗಳಲ್ಲಿ ಗುಂಡಿಗಳ ಜಾಗಕ್ಕೆ ನುಣುಪಾದ ಗಾಜಿನ ಪರದೆ ಬಂದಿದೆ. ಬೆರಳಿಗೆ ಏನೂ ತಗುಲದು, ಮೆನು ಓದಿ ಹೇಳುವ ದನಿಯೂ ಇಲ್ಲ. ಹಳೆಯ ಹಾರ್ಮೋನಿಯಂ ತೆರೆದಿಟ್ಟ ಬಾಗಿಲನ್ನು ಹೊಸ ವಾದ್ಯ ಮುಚ್ಚಿದಂತಾಯಿತು. ಎನ್‌ವಿಡಿಎಯಂಥ ಉಚಿತ ತಂತ್ರಾಂಶ ಕಂಪ್ಯೂಟರ್ ಪರದೆಯಲ್ಲಿರುವುದನ್ನು ಕನ್ನಡದಲ್ಲೂ ಓದಬಲ್ಲದು. ಆದರೆ ವಾದ್ಯದ ತಂತ್ರಾಂಶ ತಯಾರಿಸಿದವರು ಗುಂಡಿಗಳಿಗೆ ಹೆಸರು ಕೊಟ್ಟಿದ್ದರೆ ಮಾತ್ರ ಅದಕ್ಕೆ ಓದಲು ಏನಾದರೂ ಇರುತ್ತದೆ.

ದೇಹ ಮತ್ತು ಸನ್ನಿವೇಶಕ್ಕೆ ತಕ್ಕಂತೆ ವಾದ್ಯವನ್ನೇ ಬದಲಿಸುವುದೂ ನಮ್ಮಲ್ಲಿ ಹೊಸದಲ್ಲ. ಮೈಕು ಇಲ್ಲದ ದಿನಗಳಲ್ಲಿ ದೊಡ್ಡ ಸಭೆಗೆ ಕೇಳಿಸಲೆಂದು ಮೈಸೂರಿನ ಟಿ. ಚೌಡಯ್ಯ (1895–1967) ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. 1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ರಾಡೆಲ್ ಸಂಸ್ಥೆಯಲ್ಲಿ, ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರ, ತಾಳವಾದ್ಯ, ಡಿಜಿಟಲ್ ವೀಣೆ ತಯಾರಿಸಿದರು. ಇವನ್ನು ವಿಶೇಷಚೇತನರಿಗೆಂದು ಮಾಡಿದ್ದಲ್ಲ. ಆದರೂ ತಂಬೂರದ ಬಿರಡೆ ತಿರುಗಿಸುವ ಬಲವಿಲ್ಲದ ಕೈ ಒಂದು ಗುಂಡಿ ತಿರುಗಿಸಿ ಶ್ರುತಿ ಹಿಡಿಯಬಹುದಾಯಿತು. ಶ್ರುತಿಪೆಟ್ಟಿಗೆಯನ್ನು ಮನೆಮನೆಗೆ ತಲುಪಿಸಿದ ಊರಿಗೆ ಈ ಮಕ್ಕಳ ವಾದ್ಯ ಮಾಡುವುದು ಕಷ್ಟದ ಕೆಲಸವಾಗಬಾರದು.

ಹೊರಜಗತ್ತಿನ ದಾರಿ

ಮುಟ್ಟದೆ ನುಡಿಸುವ ಮೊದಲ ವಿದ್ಯುತ್ ವಾದ್ಯ ಥೆರೆಮಿನ್. ರಷ್ಯದ ಲೆವ್ ಟೆರ್ಮೆನ್ 1920ರ ಸುಮಾರಿಗೆ ಇದನ್ನು ಕಂಡುಹಿಡಿದ. ಎರಡು ಆಂಟೆನಾಗಳ ಸಮೀಪ ಕೈ ಆಡಿಸಿದರೆ ಒಂದು ಸ್ವರದ ಏರಿಳಿತವನ್ನೂ ಇನ್ನೊಂದು ದನಿಯ ಜೋರನ್ನೂ ಬದಲಿಸುತ್ತದೆ. ಅದರ ಮಹಾನ್ ವಾದಕಿ ಕ್ಲಾರಾ ರಾಕ್‌ಮೋರ್ ಮೊದಲು ಪಿಟೀಲಿನ ಬಾಲಪ್ರತಿಭೆ. ಬಾಲ್ಯದಲ್ಲಿ ಸಾಕಷ್ಟು ಆಹಾರ ಸಿಗದೆ ಕೈಗೆ ಬಂದ ತೊಂದರೆಯಿಂದ ಪಿಟೀಲು ಬಿಡಬೇಕಾಯಿತು. ಕೈಯಲ್ಲಿ ಕಮಾನು ಹಿಡಿಯಲಾಗದಿದ್ದರೂ ಕಿವಿಯಲ್ಲಿದ್ದ ಶ್ರುತಿಜ್ಞಾನ ಹಾಗೇ ಉಳಿದಿತ್ತು. ಥೆರೆಮಿನ್ ಅದಕ್ಕೆ ಇನ್ನೊಂದು ಹೊರದಾರಿ ಕೊಟ್ಟಿತು. ಈ ಕ್ಷೇತ್ರದ ಚರಿತ್ರೆಯನ್ನು ಇವಳಿಂದಲೇ ಆರಂಭಿಸುವುದು ನ್ಯಾಯ.

ವಿಶೇಷ ಶಾಲೆಗಳಲ್ಲಿ ಬಹಳ ಹೆಸರು ಮಾಡಿದ್ದು ಸೌಂಡ್‌ಬೀಮ್. ಬಿಬಿಸಿಯ ‘ಲೈಫ್ ಆನ್ ಅರ್ಥ್’ ಸರಣಿಗೆ ಸಂಗೀತ ನೀಡಿದ್ದ ಇಂಗ್ಲೆಂಡಿನ ಎಡ್ವರ್ಡ್ ವಿಲಿಯಮ್ಸ್ 1980ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಬಾವಲಿಯಂತೆ ಶ್ರವಣಾತೀತ ಅಲೆ ಹೊರಡಿಸಿ, ಅದು ಮರಳುವ ಹೊತ್ತಿನಿಂದ ದೂರ ಅಳೆದು, ಆ ದೂರವನ್ನು ಮಿಡಿ ಸ್ವರವಾಗಿಸುವ ಸಾಧನವಿದು. ಗಾಲಿಕುರ್ಚಿಯಲ್ಲಿ ಕೂತ ಮಗು ಅಂಗೈ ಆಡಿಸಿದರೂ ಸ್ವರ, ಕುರ್ಚಿಯನ್ನೇ ಹಿಂದೆ ಮುಂದೆ ಉರುಳಿಸಿದರೂ ಸ್ವರ.

ಅಕಾರ್ಡಿಯನ್ ವಾದಕಿ, ಸಂಗೀತ ಸಂಯೋಜಕಿ ಪಾಲಿನ್ ಒಲಿವೆರೊಸ್ 2007ರಲ್ಲಿ ನ್ಯೂಯಾರ್ಕ್ ರಾಜ್ಯದ ವಿಶೇಷ ಶಾಲೆಯೊಂದರ ಮಕ್ಕಳಿಗಾಗಿ ಕೆಲಸ ಶುರುಮಾಡಿದರು. ಡ್ರಮ್ ವಾದಕಿಯೂ ಆಕ್ಯುಪೇಷನಲ್ ಥೆರಪಿಸ್ಟರೂ ಆದ ಲೀಫ್ ಮಿಲ್ಲರ್ ಅವರಿಗೆ ಜೊತೆಯಾದರು. ಫಲವಾಗಿ ಬಂದ ಆಮಿ ಎಂಬ ಉಚಿತ ತಂತ್ರಾಂಶ ಕ್ಯಾಮೆರಾದ ಮೂಲಕ ಮುಖದ ಒಂದು ಬಿಂದುವನ್ನು, ಸಾಮಾನ್ಯವಾಗಿ ಮೂಗಿನ ತುದಿಯನ್ನು, ಹಿಂಬಾಲಿಸುತ್ತದೆ. ಮೂಗು ಪರದೆಯ ಮೇಲಿನ ಯಾವ ಚೌಕಕ್ಕೆ ಹೋಯಿತೋ ಆ ಚೌಕದ ಸ್ವರ ನುಡಿಯುತ್ತದೆ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಸಂಶೋಧನೆಯಿಂದ ಹುಟ್ಟಿದ ಸ್ಕೂಗ್, ಹಿಸುಕಿದರೆ ನುಡಿಯುವ ಮೆತ್ತನೆಯ ಘನ. ಬಾರ್ಸಿಲೋನಾದ ಐಹಾರ್ಪ್‌ಗೆ ಕಣ್ಣಿನ ನೋಟವೇ ಬೆರಳು. 2012ರಲ್ಲಿ ಮಾರುಕಟ್ಟೆಗೆ ಬಂದ ಮೇಕಿ ಮೇಕಿ ಬಾಳೆಹಣ್ಣು, ಚಮಚ, ನೀರಿನ ಬಟ್ಟಲು, ಯಾವುದನ್ನಾದರೂ ಕೀಲಿಯಾಗಿಸುತ್ತದೆ.

ಒಬ್ಬ ವಾದಕನನ್ನು ಇಲ್ಲಿ ತುಸು ಹತ್ತಿರದಿಂದ ನೋಡಬೇಕು. ಡ್ಯಾನ್ ಎಲ್ಸಿ ಎಂಬಾತನಿಗೆ ಸೆರೆಬ್ರಲ್ ಪಾಲ್ಸಿ. ಮಾತಿಲ್ಲ, ಕೈಗಳು ಹತೋಟಿಯಲ್ಲಿಲ್ಲ. ಗೆರೆ ಎಳೆದು ರಾಗ ಕಟ್ಟುವ ಹೈಪರ್‌ಸ್ಕೋರ್ ಎಂಬ ತಂತ್ರಾಂಶವನ್ನು ಎಂಐಟಿಯ ಟಾಡ್ ಮ್ಯಾಕೋವರ್ ತಂಡ ಆತನಿದ್ದ ಆಸ್ಪತ್ರೆಗೆ ಒಯ್ದಾಗ ಆತ ಸ್ವಂತ ಕೃತಿಗಳನ್ನು ರಚಿಸತೊಡಗಿದ. ರಚಿಸಿದ್ದಷ್ಟೇ ಸಾಲದು, ವೇದಿಕೆಯಲ್ಲಿ ನುಡಿಸಲೂ ಬೇಕು ಎಂದಾಗ, ತಲೆಯ ಚಲನೆಯನ್ನು ಇನ್‌ಫ್ರಾರೆಡ್ ಬೆಳಕಿನಿಂದ ಹಿಡಿಯುವ ಸಾಧನ ಬಂತು. 2008ರ ಟೆಡ್ ಸಮ್ಮೇಳನದಲ್ಲಿ ಆತ ತನ್ನ ಕೃತಿಯ ವೇಗವನ್ನೂ ಏರಿಳಿತವನ್ನೂ ತಲೆಯಾಡಿಸಿಯೇ ನಡೆಸಿದ. ರೋಗಿಯಾಗಿ ಆಸ್ಪತ್ರೆ ಸೇರಿದವನನ್ನು ಸಂಯೋಜಕ ಎಂದು ಸಭೆ ಕರೆಯಿತು. ವಾದ್ಯಕ್ಕೆ ಸಾಧ್ಯವಿರುವ ಅತಿ ದೊಡ್ಡ ಕೆಲಸ ಇದು ಎಂದೇ ಹೇಳಬೇಕು.

ಸ್ವೀಡನ್ನಿನ ಎಮ್ಮಾ ಫ್ರಿಡ್ 2019ರಲ್ಲಿ ಈ ಬಗೆಯ 83 ವಾದ್ಯಗಳನ್ನು ಸಮೀಕ್ಷೆ ಮಾಡಿ, ನುಡಿಸುವ ವಿಧಾನದ ಮೇಲೆ ಅವನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಮುಟ್ಟಿ, ಒತ್ತಿ ನುಡಿಸುವಂಥವೇ ಹೆಚ್ಚು. ಮೈಗೆ ಕಂಪನ ತಲುಪಿಸುವ ವ್ಯವಸ್ಥೆ ಇದ್ದದ್ದು ಶೇ. 14.5ರಷ್ಟಕ್ಕೆ ಮಾತ್ರ. ವಾದ್ಯವನ್ನು ಮಗುವಿಗೆ ತಕ್ಕಂತೆ ಬದಲಿಸಲು ಬರಬೇಕು, ನುಡಿಸುವವರನ್ನು ವಿನ್ಯಾಸದಲ್ಲಿ ಸೇರಿಸಿಕೊಳ್ಳಬೇಕು, ಮಾದರಿಯನ್ನು ಮತ್ತೆ ಮತ್ತೆ ತಿದ್ದಬೇಕು ಎಂಬುದು ಆ ಸಮೀಕ್ಷೆಯಿಂದ ಹೊರಟ ತಿಳಿವಳಿಕೆ.

ಕೂರುವ ಭಂಗಿಯಿಂದ ಕೆಲಸ ಶುರು

ಸೆರೆಬ್ರಲ್ ಪಾಲ್ಸಿ ಇರುವ ಒಂದು ಮಗುವನ್ನು ಊಹಿಸಿಕೊಳ್ಳೋಣ. ಬಲಗೈ ಮುಷ್ಟಿ ಕಟ್ಟಿದೆ, ಎಡಗೈ ತಾನಾಗಿ ಹಾರುತ್ತದೆ, ಎಡ ಮೊಣಕಾಲನ್ನು ಮಾತ್ರ ಬೇಕೆಂದಾಗ ಎತ್ತಬಲ್ಲದು. ಮೊದಲ ಕೆಲಸ ಸೆನ್ಸರಿನದಲ್ಲ, ಕುರ್ಚಿಯದು. ಸೊಂಟ ನಿಲ್ಲದಿದ್ದರೆ ಕಾಲೂ ನಿಲ್ಲದು. ಪಾದಕ್ಕೆ ಮಣೆ, ಬೆನ್ನಿಗೆ ದಿಂಬು, ಸೊಂಟಕ್ಕೆ ಪಟ್ಟಿ ಎಲ್ಲಿ ಬೇಕೆಂದು ಫಿಸಿಯೋಥೆರಪಿಸ್ಟ್ ಹೇಳಬೇಕು. ಆಮೇಲೆ ಮೊಣಕಾಲು ಸುಲಭವಾಗಿ ತಲುಪುವಲ್ಲಿ ಸ್ವಿಚ್ ಕಟ್ಟುವುದು. ಈ ಬಗೆಯ ಸ್ವಿಚ್ಚುಗಳಲ್ಲಿ ಹೆಚ್ಚಿನವು ಹಳೆಯ ಇಯರ್‌ಫೋನಿನ 3.5 ಮಿ.ಮೀ. ಪಿನ್ನನ್ನೇ ಬಳಸುವುದರಿಂದ ಒಂದನ್ನು ಬಿಚ್ಚಿ ಇನ್ನೊಂದನ್ನು ಹಾಕುವುದು ಸುಲಭ.

ಮೊದಲ ದನಿ ಮೆಲ್ಲಗೆ ಏಳಬೇಕು. ಈ ಮಕ್ಕಳಲ್ಲಿ ಹಲವರು ಹಠಾತ್ ಸದ್ದಿಗೆ ಮೈಯೆಲ್ಲ ಬೆಚ್ಚಿ ಸೆಟೆಯುತ್ತಾರೆ. ಹಾಗೆ ಸೆಟೆದಾಗ ಕಾಲು ಮತ್ತೆ ಸ್ವಿಚ್ಚಿಗೆ ಬಡಿದು ಮತ್ತೆ ಸದ್ದಾಗುತ್ತದೆ. ಢಣ್ಣೆನ್ನುವ ಗಂಟೆಗಿಂತ ಕೊಳಲಿನಂತೆ ನಿಧಾನ ತುಂಬಿಕೊಳ್ಳುವ ದನಿ ಆರಂಭಕ್ಕೆ ಒಳ್ಳೆಯದು.

ನಡುಗುವ ಅಂಗ ಒಂದು ಪೆಟ್ಟಿನ ಬದಲು ಮೂರು ಪೆಟ್ಟು ಹಾಕುತ್ತದೆ. ಅದಕ್ಕೆಂದು ಒಂದು ಪೆಟ್ಟಾದ ಮೇಲೆ, ಉದಾಹರಣೆಗೆ 200 ಮಿಲಿಸೆಕೆಂಡ್, ಬೇರೆ ಪೆಟ್ಟನ್ನು ಲೆಕ್ಕಿಸಬೇಡ ಎಂದು ತಂತ್ರಾಂಶಕ್ಕೆ ಹೇಳಬಹುದು. ಹಾಗೆ ಹೇಳಿದ ಕೂಡಲೇ ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಪೆಟ್ಟು ಹಾಕುವ ದಾರಿಯೂ ಮುಚ್ಚುತ್ತದೆ. ಮಗುವಿನ ಹತೋಟಿ ಹೆಚ್ಚಿದಂತೆ ಈ ವಿರಾಮವನ್ನು ಇಳಿಸುತ್ತ ಹೋಗಬೇಕು. ಎಷ್ಟೋ ಕಡೆ ಮೊದಲ ದಿನ ಇಟ್ಟ ಅಂಕಿ ಹಾಗೇ ಉಳಿದು, ಮಗುವಿನ ಸಾಮರ್ಥ್ಯ ಬೆಳೆದರೂ ವಾದ್ಯ ಅದನ್ನು ಹಿಡಿದು ನಿಲ್ಲಿಸುತ್ತದೆ. ಸಾಧನೆ ಮಾಡಿದರೆ ಕೈ ಪಳಗುವಂತಿರುವುದೇ ವಾದ್ಯ. ಪಳಗಲು ಜಾಗವಿಲ್ಲದ್ದು ಆಟಿಕೆಯಾಗಿ ಉಳಿಯುತ್ತದೆ.

ತಡವೂ ಶತ್ರುವೇ. ಪೆಟ್ಟಿಗೂ ದನಿಗೂ ನಡುವೆ 10 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದೆಂಬುದು ವಾದ್ಯ ತಯಾರಕರು ಒಪ್ಪಿದ ಗುರಿ. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 3.4 ಮೀಟರ್ ಸಾಗುತ್ತದೆ. ಸಾಮಾನ್ಯ ಬ್ಲೂಟೂತ್ ಸ್ಪೀಕರಿನಲ್ಲಿ ತಡ 100 ಮಿಲಿಸೆಕೆಂಡನ್ನೂ ದಾಟುವುದುಂಟು. ನಾನು ಮಾಡಿದ್ದರಿಂದಲೇ ಈ ಸದ್ದು ಬಂತು ಎಂಬ ಅರಿವು ಮೂಡಲಿ ಎಂದು ಬುದ್ಧಿ ಬೆಳವಣಿಗೆ ನಿಧಾನವಿರುವ ಮಗುವಿಗೆ ವಾದ್ಯ ಕೊಟ್ಟು, ಬ್ಲೂಟೂತ್ ಸ್ಪೀಕರ್ ಜೋಡಿಸಿದರೆ ಕೊಟ್ಟದ್ದನ್ನು ಕಿತ್ತುಕೊಂಡಂತೆ. ತಂತಿಯ ಸ್ಪೀಕರ್ ಅಗ್ಗ, ಇಲ್ಲಿ ಅದೇ ಉತ್ತಮ ಕೂಡ.

ಕಿವಿ ಕೇಳದ ಮಗುವಿಗೆ ಸಂಗೀತ ಮೈಯಿಂದ ಒಳಗಿಳಿಯುತ್ತದೆ. ಊದಿದ ಬಲೂನನ್ನು ತಬ್ಬಿ ಸ್ಪೀಕರಿನ ಮುಂದೆ ಕೂತರೆ, ಹಲಗೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತರೆ ತಾಳ ತಿಳಿಯುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳಿಗೆ ಲಯ ಚೆನ್ನಾಗಿ ಸಿಗುತ್ತದೆ, ಸ್ವರಗಳ ನಡುವಿನ ಸಣ್ಣ ಅಂತರ ಸಿಗುವುದು ಕಷ್ಟ. ಕಿವಿಯ ಸಾವಿರಾರು ಸೂಕ್ಷ್ಮ ಕೋಶಗಳ ಕೆಲಸವನ್ನು ಇಪ್ಪತ್ತರ ಆಸುಪಾಸಿನ ಎಲೆಕ್ಟ್ರೋಡುಗಳು ಮಾಡಬೇಕಾಗಿರುವುದೇ ಕಾರಣ. ಅವರಿಗೆ ತಾಳವಾದ್ಯದಿಂದ ಶುರುಮಾಡುವುದು ಸರಿ. 1965ರಿಂದ ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೊಡಗಿನವರಿಗೂ ಹತ್ತಿರದ್ದು. ಶ್ರವಣದ ಅಳತೆ ಅಲ್ಲಿ ಆದ ಮೇಲೆ ವಾದ್ಯದ ಆಯ್ಕೆ ಸುಲಭ. ಆಟಿಸಂ ಇರುವ ಮಗುವಿನ ವಾದ್ಯದಲ್ಲಿ ದನಿಯ ಮೇಲ್ಮಿತಿ ಮಗುವಿನ ಕೈಯಲ್ಲೇ ಇರಬೇಕು, ಒಂದೇ ಚಲನೆಗೆ ಪ್ರತಿಸಲವೂ ಒಂದೇ ಉತ್ತರ ಬರಬೇಕು.

ಯಾವ ಸ್ವರ, ಎಷ್ಟು ಸ್ವರ

ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಮೊದಲ ಪಾಠವಾದ ಸರಳೆ ವರಸೆಯನ್ನು ಮಾಯಾಮಾಳವಗೌಳ ರಾಗದಲ್ಲಿ ಕಲಿಯುತ್ತಾರೆ. ಷಡ್ಜವನ್ನು ಮಿಡಿಯ 60ಕ್ಕೆ ಇಟ್ಟರೆ ಆ ರಾಗದ ಏಳು ಸ್ವರಗಳು 60, 61, 64, 65, 67, 68, 71. ಮೇಲಿನ ಷಡ್ಜ 72. ಎಂಟು ಸ್ವಿಚ್ಚುಗಳಿಗೆ ಈ ಎಂಟು ಸಂಖ್ಯೆ ಬರೆದರೆ ಸರಳೆ ವರಸೆ ನುಡಿಸುವ ವಾದ್ಯ ಸಿದ್ಧ. ಕಪ್ಪು ಮನೆ, ಬಿಳಿ ಮನೆ ಎಂದು ಬೆರಳು ಹೊರಳಿಸುವ ಕಷ್ಟ ಮಗುವಿಗಿಲ್ಲ. ಇನ್ನೂ ಸರಳ ಬೇಕಾದರೆ ಮೋಹನ ರಾಗದ ಐದು ಸ್ವರ: 60, 62, 64, 67, 69. ಇವುಗಳಲ್ಲಿ ಯಾವುದರ ಜೊತೆ ಯಾವುದು ಬಂದರೂ ಕಿವಿಗೆ ಒರಟಾಗದು. ಜರ್ಮನಿಯ ಕಾರ್ಲ್ ಓರ್ಫ್ ಮಕ್ಕಳ ಸೈಲೋಫೋನಿನಲ್ಲಿ ಬೇಡದ ಪಟ್ಟಿಗಳನ್ನು ಕಿತ್ತಿಡಲು ಬರುವಂತೆ ಮಾಡಿದ್ದೂ ಇದೇ ಉದ್ದೇಶಕ್ಕೆ.

ತಪ್ಪು ಸ್ವರವೇ ಬಾರದ ವಾದ್ಯದ ಬಗ್ಗೆ ಈ ಕ್ಷೇತ್ರದಲ್ಲಿ ಬಹಳ ವಾದವಿದೆ. ಮೊದಲ ದಿನವೇ ಮಗುವಿನ ಮುಖ ಅರಳುತ್ತದೆ ಎಂಬುದು ಒಂದು ಕಡೆಯ ಮಾತು. ತಪ್ಪಲು ಅವಕಾಶವಿಲ್ಲದಿದ್ದರೆ ಸರಿ ನುಡಿಸಿದ ಸಂತೋಷವೂ ಇಲ್ಲ ಎಂಬುದು ಇನ್ನೊಂದು ಕಡೆಯದು. ಎರಡನೆಯ ಮಾತಿನಲ್ಲಿ ತೂಕ ಹೆಚ್ಚು. ಐದು ಸ್ವರದಿಂದ ಶುರುಮಾಡಿ, ಮಗುವಿನ ಕಿವಿ ಆರನೆಯದನ್ನು ಕೇಳತೊಡಗಿದ ದಿನ ಅದನ್ನು ಸೇರಿಸಬೇಕು.

ಸ್ವರವನ್ನು ಬಾಗಿಸಿ ಅಲುಗಿಸುವ ಗಮಕದ ಪ್ರಶ್ನೆ ಇನ್ನೂ ಆಳದ್ದು. ಪಶ್ಚಿಮದಲ್ಲಿ ಹುಟ್ಟಿದ ಈ ವಾದ್ಯಗಳಲ್ಲಿ ಹೆಚ್ಚಿನವು ಬಿಡಿ ಬಿಡಿ ಸ್ವರಗಳ ವಾದ್ಯಗಳು. ಸ್ವರ ಅಲುಗದಿದ್ದರೆ ತೋಡಿ ರಾಗ ತೋಡಿಯಾಗದು. ಹಾರ್ಮೋನಿಯಂ ಮೇಲೂ ಇದೇ ಆಕ್ಷೇಪವಿತ್ತು. 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಮಿಡಿಯಲ್ಲಿ ಸ್ವರವನ್ನು ಬಾಗಿಸಲು ಅವಕಾಶವಿದೆ: ಸಾಮಾನ್ಯವಾಗಿ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಅರ್ಧಸ್ವರಗಳ ಹರವನ್ನು 16,384 ಹೆಜ್ಜೆಗಳಾಗಿ ಒಡೆದಿರುತ್ತದೆ. ಒಂದೊಂದು ಸ್ವರವನ್ನೂ ಬೇರೆ ಬೇರೆಯಾಗಿ ಬಾಗಿಸುವ ಕ್ರಮ 2018ರಲ್ಲಿ ಮಿಡಿಗೆ ಸೇರಿತು. ತಲೆಯ ವಾಲಾಟವನ್ನು ಈ ಬಾಗಿಗೆ ಕಟ್ಟಿದರೆ ಕತ್ತು ಮಾತ್ರ ಆಡಿಸಬಲ್ಲ ಮಗುವೂ ಗಾಂಧಾರವನ್ನು ತೂಗಬಹುದು. ಕನ್ನಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈಹಾಕಬೇಕಾದ ಕೆಲಸವಿದು. ಬೇರೆಯವರು ನಮಗಾಗಿ ಇದನ್ನು ಮಾಡಿಕೊಡಲಾರರು.

ಸೋಮವಾರಪೇಟೆ: ಮಳೆ, ಲೈನ್‌ಮನೆ, ದುಡಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆಗ ಲೆಕ್ಕಕ್ಕೆ ಬಂದ ವೈಕಲ್ಯದ ಬಗೆಗಳು ಕಡಿಮೆ. 1995ರ ಕಾಯ್ದೆಯಲ್ಲಿ 7 ಬಗೆ ಇದ್ದದ್ದು 2016ರ ಕಾಯ್ದೆಯಲ್ಲಿ 21ಕ್ಕೆ ಏರಿತು. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೆಯ ವಿಧಿ, ಅಂಗವಿಕಲರು ತಮ್ಮ ಕಲಾಶಕ್ತಿಯನ್ನು ಬೆಳೆಸಿಕೊಳ್ಳುವುದು ಹಕ್ಕು ಎನ್ನುತ್ತದೆ. ಹಕ್ಕಿನ ಮಾತು ಕಾಗದದಲ್ಲಿ ಸ್ಪಷ್ಟವಾಗಿದೆ. ಕಾಫಿ ತೋಟದ ನಡುವೆ ಕಾರ್ಮಿಕರಿರುವ ಲೈನ್‌ಮನೆಗೆ ಅದು ತಲುಪುವ ಬಗೆ ಹೇಗೆ ಎಂಬುದೇ ಇಲ್ಲಿನ ಕೆಲಸ.

ಸೋಮವಾರಪೇಟೆ ಕಡೆಯ ಮನೆಗಳು ಒತ್ತಾಗಿಲ್ಲ. ತೋಟ, ಗದ್ದೆ, ಏರು ಇಳಿಜಾರಿನ ನಡುವೆ ಚದುರಿವೆ. ಗಾಲಿಕುರ್ಚಿ ಉರುಳುವ ರಸ್ತೆ ಮನೆಯಂಗಳದವರೆಗೆ ಇರುವುದು ಅಪರೂಪ. ಹಿಂದೆ ಇದೇ ತಾಲ್ಲೂಕಿನಲ್ಲಿದ್ದು ಈಗ ಕುಶಾಲನಗರ ತಾಲ್ಲೂಕಿಗೆ ಸೇರಿರುವ ಸುಂಟಿಕೊಪ್ಪದಲ್ಲಿ, ಟಾಟಾ ಕಾಫಿಯ ಕೂರ್ಗ್ ಫೌಂಡೇಷನ್ 2003ರಲ್ಲಿ ಆರಂಭಿಸಿದ ಸ್ವಸ್ಥ ವಿಶೇಷ ಶಾಲೆ ಇದೆ. ಶಾಲೆಗೆ ಬರಲಾಗದಷ್ಟು ತೊಂದರೆಯಿರುವ ಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಗೃಹಾಧಾರಿತ ಶಿಕ್ಷಣವಿದೆ. ಕ್ಷೇತ್ರ ಸಂಪನ್ಮೂಲ ಕೇಂದ್ರದ, ಸಮನ್ವಯ ಶಿಕ್ಷಣಕ್ಕೆಂದೇ ಇರುವ ಬಿಐಇಆರ್‌ಟಿ ಶಿಕ್ಷಕರು ಮನೆಗೇ ಹೋಗಿ ಪಾಠ ಹೇಳುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಡಿಜಿಟಲ್ ವಾದ್ಯ ಈ ಮಕ್ಕಳನ್ನು ಮುಟ್ಟಬೇಕಾದರೆ ಆ ಶಿಕ್ಷಕರ ಹೆಗಲ ಚೀಲದಲ್ಲಿ ಹಿಡಿಸಬೇಕು. ಚೀಲದಲ್ಲಿ ಹಿಡಿಸದ ವಾದ್ಯ ಎಷ್ಟೇ ಒಳ್ಳೆಯದಾದರೂ ಪೇಟೆಯಲ್ಲೇ ಉಳಿಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ವಿನ್ಯಾಸದ ಲೆಕ್ಕವನ್ನೇ ಬದಲಿಸುತ್ತದೆ. ಬೆರಳು ತಾಗಿದ್ದನ್ನು ವಿದ್ಯುತ್ ಧಾರಕತೆಯಿಂದ ಅರಿಯುವ ಸೆನ್ಸರುಗಳು ತೇವದ ಗಾಳಿಯಲ್ಲಿ, ಒದ್ದೆ ಕೈಯಲ್ಲಿ ದಾರಿ ತಪ್ಪುತ್ತವೆ; ಮುಟ್ಟದಿದ್ದರೂ ನುಡಿಯುತ್ತವೆ. ಮೇಕಿ ಮೇಕಿ ಬಗೆಯ ಹಣ್ಣಿನ ಕೀಲಿಗಳು ಬೇಸಿಗೆಗೆ ಸರಿ. ಆಟಿ ತಿಂಗಳ ಮಳೆಯಲ್ಲಿ ಒತ್ತುವ ಸ್ವಿಚ್ ಅಥವಾ ಪೆಟ್ಟಿನ ಕಂಪನ ಹಿಡಿಯುವ ಪೀಜೋ ತಟ್ಟೆಯೇ ವಾಸಿ. ತಗಡಿನ ಸೂರಿನ ಮೇಲೆ ಮಳೆ ಹೊಡೆಯುವಾಗ ಮೊಬೈಲಿನ ಸ್ಪೀಕರ್ ಕೇಳಿಸದು. ಸ್ಪೀಕರನ್ನು ಮಗು ಕೂತ ಹಲಗೆಗೇ ಕಟ್ಟಿದರೆ ದನಿ ಮೈಗೂ ತಾಗುತ್ತದೆ. ಕರೆಂಟು ದಿನಗಟ್ಟಲೆ ಇಲ್ಲದಿರುವುದರಿಂದ ಪವರ್ ಬ್ಯಾಂಕ್ ಬೇಕು. ಕೆಲವು ಪವರ್ ಬ್ಯಾಂಕುಗಳು, ಜೋಡಿಸಿದ ಬೋರ್ಡು ತೀರ ಕಡಿಮೆ ವಿದ್ಯುತ್ ಎಳೆದರೆ, ಏನೂ ಜೋಡಿಸಿಲ್ಲವೆಂದು ತಿಳಿದು ತಾವೇ ನಿಂತುಬಿಡುತ್ತವೆ. ಕೊಳ್ಳುವ ಮೊದಲೇ ವಾದ್ಯಕ್ಕೆ ಜೋಡಿಸಿ ಹತ್ತು ನಿಮಿಷ ನೋಡಬೇಕು.

ಇಲ್ಲಿನ ಮಗುವಿಗೆ ಪಿಯಾನೊ ದನಿಗಿಂತ ದುಡಿಯ ದನಿ ಹತ್ತಿರದ್ದು. ಕೊಡಗಿನ ದುಡಿ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಎಡಗೈಯಲ್ಲಿ ಅದರ ನಡು ಹಿಡಿದು, ಬಲಗೈಯ ತೆಳು ಕೋಲಿನಿಂದ ಬಾರಿಸುತ್ತಾರೆ. ನಾಲ್ವರು ಕೂಡಿ ದುಡಿ ಕೊಟ್ಟಿ ಹಾಡುವ ದುಡಿಕೊಟ್ಟ್ ಪಾಟ್ ಮದುವೆ, ಹಬ್ಬಗಳ ಜೀವ. ಎರಡೂ ಕೈ ಬೇಕಾದ ಈ ವಾದ್ಯವನ್ನು ಒಂದು ಮೊಣಕಾಲಿಗೆ ತಂದುಕೊಡುವುದು ಹೀಗೆ. ಬಜರಿನೊಳಗೆ ಇರುವ ಹಿತ್ತಾಳೆ ನಾಣ್ಯದಂಥ ಪೀಜೋ ತಟ್ಟೆಯನ್ನು ಹಳೆಯ ಚಪ್ಪಲಿಯ ಅಟ್ಟೆಗೂ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೂ ನಡುವೆ ಅಂಟಿಸಬೇಕು. ಅದರ ಎರಡು ತಂತಿಗೆ ಅಡ್ಡಲಾಗಿ ಒಂದು ಮೆಗಾಓಮ್ ರೆಸಿಸ್ಟರ್. ಅಲ್ಲಿಂದ ನೂರರ ಲೆಕ್ಕದ ಬೆಲೆಗೇ ಸಿಗುವ ಇಎಸ್‌ಪಿ32 ಬೋರ್ಡಿಗೆ. ಪೆಟ್ಟಿನ ಬಲವನ್ನು ಬೋರ್ಡು 0ಯಿಂದ 4095ರವರೆಗಿನ ಅಂಕಿಯಾಗಿ ಓದುತ್ತದೆ. ಗೊತ್ತುಪಡಿಸಿದ ಮಿತಿ ದಾಟಿದರೆ ದುಡಿಯ ಧ್ವನಿಮುದ್ರಿಕೆಯನ್ನು, ಮೆಲ್ಲನೆಯ ಪೆಟ್ಟಿಗೆ ಮೆಲ್ಲಗೆ, ಜೋರಿಗೆ ಜೋರಾಗಿ ನುಡಿಸುತ್ತದೆ.

ಆ ಮುದ್ರಿಕೆಯನ್ನು ಅಂತರ್ಜಾಲದಿಂದ ಎತ್ತಬಾರದು. ಊರಲ್ಲಿ ದುಡಿ ಬಾರಿಸುವವರನ್ನು ಕೇಳಿ, ಅವರ ಒಪ್ಪಿಗೆ ಪಡೆದು, ಮಗುವಿನ ಎದುರೇ ಮುದ್ರಿಸಿಕೊಳ್ಳಬೇಕು. ಆಗ ಅವರು ‘ಇಕೊಳ್ಳಿ, ಈ ಪೆಟ್ಟು ಹೀಗೆ’ ಎಂದು ಮಗುವಿನ ಮೊಣಕಾಲಿಗೇ ಲೆಕ್ಕ ಹೇಳಿಕೊಡುತ್ತಾರೆ. ಮುಂದಿನ ಹಾಡಿಗೆ ನಾಲ್ಕನೆಯ ದುಡಿಯಾಗಿ ಮಗುವನ್ನೂ ಸೇರಿಸಿಕೊಳ್ಳಬಹುದು. ಗದುಗಿನ ಆಶ್ರಮದಲ್ಲಿ ನಡೆದದ್ದೂ ಅದೇ ಬಗೆಯ ಸೇರಿಸಿಕೊಳ್ಳುವಿಕೆ.

ಕೆಟ್ಟುಹೋದಾಗ

ದೂರದೇಶದಿಂದ ತರಿಸಿದ ವಾದ್ಯ ಕೆಟ್ಟರೆ ಕಪಾಟು ಸೇರುತ್ತದೆ. ಇಲ್ಲಿ ಹೆಚ್ಚು ಸಲ ಕೆಡುವುದು ಬೋರ್ಡಲ್ಲ, ತಂತಿ ಕೂಡಿದ ಬೆಸುಗೆ. ಸೋಮವಾರದ ಸಂತೆಗೆ ಬಂದ ತಂದೆತಾಯಿ ಪೇಟೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅದನ್ನು ಬೆಸೆಸಿಕೊಂಡು ಹೋಗುವಂತಿದ್ದರೆ ವಾದ್ಯ ಬಾಳುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಅಂಟಿಸದೆ ಸ್ಕ್ರೂ ಹಾಕಿ ಮುಚ್ಚಬೇಕು, ಯಾವ ತಂತಿ ಎಲ್ಲಿಗೆಂಬುದನ್ನು ಮುಚ್ಚಳದ ಒಳಗೆ ಕನ್ನಡದಲ್ಲಿ ಬರೆದಿಡಬೇಕು.

ಶಿಕ್ಷಕರು ವರ್ಗವಾದಾಗ ಕಳೆದುಹೋಗುವುದು ಹೊಂದಿಕೆಯ ಅಂಕಿಗಳು. ಹೊಸಬರು ಬಂದು ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ, ಮಗು ಮತ್ತೆ ಮೊದಲ ದಿನಕ್ಕೆ ಮರಳುತ್ತದೆ. ಇದಕ್ಕೆ ಎರಡು ರೇಖೆಯ ಒಂದು ನೋಟ್‌ಬುಕ್ಕು ಸಾಕು, ವಾದ್ಯದ ಜೊತೆಗೇ ಚೀಲದಲ್ಲಿರಬೇಕು. ಒಂದು ಸಾಲಿನಲ್ಲಿ ದಿನಾಂಕ, ಆಮೇಲೆ: ಎಡ ಮೊಣಕಾಲು, ಮಿತಿ 300, ವಿರಾಮ 200 ಮಿಲಿಸೆಕೆಂಡ್, ದುಡಿ. ಕೆಲವು ವಾರದ ನಂತರ ಅದರ ಕೆಳಗೆ ಇನ್ನೊಂದು ದಿನಾಂಕ: ಎಡ ಮೊಣಕಾಲು, ಮಿತಿ 300, ವಿರಾಮ 150.